ಮದುಮಗಳ ಕೈಗೆ ಮೈಕ್

ನಮ್ಮ ಮದುವೆಗಳಲ್ಲಿ ಮಾತಿಗೇನೂ ಬರ ಇಲ್ಲ. ಅಯ್ಯನವರು ಮೈಕಿನಲ್ಲಿ ಮಂತ್ರ ಹೇಳುತ್ತಾರೆ, ನಡುವೆ ನಿಲ್ಲಿಸಿ "ಅಕ್ಕಿಕಾಳು ಎಲ್ಲಾರಿಗೂ ಮುಟ್ಟ್ಯಾವೇನ್ರಿ?" ಅಂತ ಕೇಳುತ್ತಾರೆ. ಹಿರಿಯರೊಬ್ಬರು ಅದೇ ಮೈಕ್ ಇಸಿದುಕೊಂಡು ಬಂದವರ ಹೆಸರೆಲ್ಲ ಓದುತ್ತಾರೆ. ಊಟ ಮಾಡದೆ ಯಾರೂ ಹೋಗಬಾರದು ಅಂತ ಕೈಮುಗಿಯುತ್ತಾರೆ. ಫೋಟೋದವರು "ಮೇಡಂ, ಗದ್ದ ಸ್ವಲ್ಪ ಕೆಳಗೆ, ಹಾಂ, ಹಂಗೇ ಇರಿ" ಅನ್ನುತ್ತಲೇ ಇರುತ್ತಾರೆ. ಸಂಜೆ ಆರ್ಕೆಸ್ಟ್ರಾದವರ ಪಾಳಿ. ಇಷ್ಟೆಲ್ಲದರ ನಡುವೆ ಮದುಮಗಳು ಸುಮ್ಮನೆ ಕೂತಿರುತ್ತಾಳೆ. ಇಡೀ ಮಂಟಪ ನೋಡುವುದು ಅವಳನ್ನೇ. ಅವಳ ದನಿ ಮಾತ್ರ ಪಕ್ಕದಲ್ಲಿ ಕೂತವರಿಗೆ ಬಿಟ್ಟು ಯಾರಿಗೂ ಕೇಳುವುದಿಲ್ಲ.

ನನ್ನ ಮದುವೆಯ ಆರತಕ್ಷತೆಯಲ್ಲಿ ನಾನು ಮಾತಾಡಿದೆ. ಹುಬ್ಬಳ್ಳಿಯ ಒಂದು ಕಲ್ಯಾಣ ಮಂಟಪ. ನಮ್ಮ ಕಡೆಯವರು ನವಲಗುಂದದ ಸುತ್ತಲಿನ ಊರುಗಳಿಂದ ಬಂದಿದ್ದರು. ಅವರ ಕಡೆಯವರು ಮಂಡ್ಯದಿಂದ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದಿದ್ದರು. ಬೆಂಗಳೂರಿನ ಆಫೀಸಿನ ಗೆಳೆಯರೂ ಇದ್ದರು. ಹಾರ ಹಾಕಿಕೊಂಡೇ ಎದ್ದು ನಿಂತು ಮೈಕ್ ಹಿಡಿದಾಗ ಸಭೆಯಲ್ಲಿ ಒಂಥರಾ ಗುಸುಗುಸು ಎದ್ದಿತು. ಆ ಮಾತನ್ನು ಹೇಗೆ ಬರೆದೆ, ಹೇಗೆ ಹೇಳಿದೆ ಅಂತ ಆಮೇಲೆ ಬಹಳ ಹುಡುಗಿಯರು ಕೇಳಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಾತಾಡಬೇಕು ಅಂತ ಮೊದಲು ಅನಿಸಿದ್ದು ಗೆಳತಿಯೊಬ್ಬಳ ಮದುವೆಯಲ್ಲಿ. ಅವಳದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಆದ ಮದುವೆ. ನಾನು ಸಾಕ್ಷಿ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಒಂದು ನಿಯಮ ಇದೆ. ವಿವಾಹ ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರು, ಇಬ್ಬರಿಗೂ ತಿಳಿಯುವ ಭಾಷೆಯಲ್ಲಿ, ನಿನ್ನನ್ನು ನನ್ನ ಗಂಡನಾಗಿ, ನಿನ್ನನ್ನು ನನ್ನ ಹೆಂಡತಿಯಾಗಿ ಸ್ವೀಕರಿಸಿದ್ದೇನೆ ಅಂತ ಒಬ್ಬರಿಗೊಬ್ಬರು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಮದುವೆ ಪೂರ್ತಿಯಾದ ಹಾಗಲ್ಲ. ಮರುವರ್ಷ ಬಂದ ಹಿಂದೂ ವಿವಾಹ ಕಾಯ್ದೆಯಲ್ಲಿ, ಸಪ್ತಪದಿ ಇರುವ ಮದುವೆಗಳಿಗೆ, ಏಳನೇ ಹೆಜ್ಜೆಗೆ ಮದುವೆ ಮುಗಿಯಿತು. ಅಲ್ಲಿ ಹೆಣ್ಣು ಜೊತೆಗೆ ನಡೆದರೆ ಸಾಕು. ಇಲ್ಲಿ ಅವಳು ಮಾತಾಡಲೇಬೇಕು. ಫೈಲುಗಳ ರಾಶಿ, ಹಳೇ ಫ್ಯಾನು, ಹೊರಗೆ ಜಾಗದ ನೋಂದಣಿಗೆ ಬಂದವರ ಗಲಾಟೆ. ಅದರ ನಡುವೆ ನನ್ನ ಗೆಳತಿ ಕನ್ನಡದಲ್ಲಿ ಆ ಒಂದು ವಾಕ್ಯ ಹೇಳಿದಳು. ಅವಳ ದನಿ ಸ್ವಲ್ಪ ನಡುಗಿತು, ಆದರೆ ಎಲ್ಲರಿಗೂ ಕೇಳಿಸಿತು. ಅಷ್ಟು ಮದುವೆಗಳಿಗೆ ಹೋಗಿದ್ದೆ. ಮದುವೆಯಾಗುವ ಹುಡುಗಿಯೇ "ಇವನು ನನಗೆ ಬೇಕು" ಅಂತ ಎಲ್ಲರೆದುರು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮಲೆನಾಡಿನ ಕಡೆಯವರು ಇದನ್ನು ಓದಿ "ನಮ್ಮಲ್ಲಿ ಆಗಲೇ ಇದೆಯಲ್ಲ" ಅನ್ನಬಹುದು. ಹೌದು, ಇದೆ. ಕುವೆಂಪು ಅವರು ರೂಪಿಸಿದ ಮಂತ್ರ ಮಾಂಗಲ್ಯದಲ್ಲಿ ಗಂಡು, ಹೆಣ್ಣು ಇಬ್ಬರೂ ಕನ್ನಡದಲ್ಲೇ ಪ್ರತಿಜ್ಞೆ ಮಾಡುತ್ತಾರೆ. ಅದರ ಅರ್ಥ ಅವರಿಗೂ ಗೊತ್ತು, ಕೂತು ಕೇಳುವವರಿಗೂ ಗೊತ್ತು. ಕುವೆಂಪು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಅವರ ಮದುವೆಯನ್ನು 1966ರಲ್ಲಿ ಕುಪ್ಪಳಿಯಲ್ಲಿ ಹೀಗೇ ಮಾಡಿದರು. ವಾಲಗ ಇಲ್ಲ, ವರದಕ್ಷಿಣೆ ಇಲ್ಲ, ಸಾಲ ಇಲ್ಲ. ನಾನು ಇದನ್ನು ತುಂಬ ಗೌರವಿಸುತ್ತೇನೆ. ನನ್ನ ಮದುವೆ ಹಾಗೆ ಆಗಲಿಲ್ಲ. ಮನೆಯ ಹಿರಿಯರಿಗೆ ಸುರಗಿ ಸುತ್ತಬೇಕಿತ್ತು, ಅರಿಷಿಣ ಹಚ್ಚಬೇಕಿತ್ತು, ಅಕ್ಕಿಕಾಳು ಬೀಳಬೇಕಿತ್ತು. ಅವರ ಆಸೆ ಅವರಿಗಿರಲಿ, ಅದರ ಜೊತೆಗೆ ನನ್ನ ಐದು ನಿಮಿಷ ನನಗಿರಲಿ ಅಂತ ನಿರ್ಧಾರ ಮಾಡಿದೆ.

ಮನೆಯಲ್ಲಿ ಹೇಳಿದಾಗ ಮೊದಲು ಬೇಡ ಅಂದವರು ಕಾಕಾ. "ಇವೆಲ್ಲಾ ಫಾರಿನ್ ಪದ್ಧತಿ. ಹೆಣ್ಮಕ್ಕಳು ಹಂದರದಾಗ ನಿಂತು ಭಾಷಣ ಮಾಡೂದು ಛಂದ ಅಲ್ಲ" ಅಂದರು. ಕಾಕಾ ಕೆಟ್ಟವರಲ್ಲ. ಅವರಿಗೆ ಮಂದಿ ಏನಂತಾರೋ ಅನ್ನುವ ಚಿಂತೆ. ಆದರೆ ಅವರು ಹೇಳಿದ್ದು ನಿಜವಲ್ಲ. ಇಂಗ್ಲೆಂಡಿನ ಮದುವೆಗಳಲ್ಲಿ ಸಂಪ್ರದಾಯದ ಪ್ರಕಾರ ಮಾತಾಡುವವರು ಮೂವರು. ಹುಡುಗಿಯ ಅಪ್ಪ, ಮದುಮಗ, ಮದುಮಗನ ಆಪ್ತ ಗೆಳೆಯ. ಮೂವರೂ ಗಂಡಸರೇ. ಮದುಮಗಳು ಎದ್ದು ಮಾತಾಡುವುದು ಅಲ್ಲೂ ಈಚೆಗೆ ಹೆಚ್ಚಿದ್ದು. ಹಾಗೆ ನೋಡಿದರೆ ಈ ವಿಷಯದಲ್ಲಿ ನಮ್ಮ ಹೆಣ್ಣುಮಕ್ಕಳೇ ಮುಂದಿದ್ದರು. ನಾನು ಇದನ್ನು ಕಾಕಾನ ಎದುರು ಹೇಳುವ ಮೊದಲೇ ಆಯಿ, ಅಂದರೆ ಅಪ್ಪನ ತಾಯಿ, ಮೂಲೆಯಿಂದ ಮಾತು ಮುಗಿಸಿಬಿಟ್ಟರು.

"ನಾ ಹಂದರದಾಗ ಒಡಪ ಹೇಳಿದ್ನಿಲ್ಲೋ? ಆವಾಗ ಮೈಕ್ ಇರಲಿಲ್ಲ. ಈಗ ಇಕಿಗೆ ಮೈಕ್ ಐತಿ. ಅಷ್ಟ ಫರಕ."

ನಮ್ಮ ಕಡೆ ಗಂಡನ ಹೆಸರು ನೇರವಾಗಿ ಹೇಳುವಂತಿರಲಿಲ್ಲ. ಹಾಗಾಗಿ ಮದುವೆಯಲ್ಲಿ ಅದನ್ನೇ ಆಟ ಮಾಡಿದರು. ಭೂಮದ ಊಟದಲ್ಲಿ ಮೊದಲ ತುತ್ತು ಕೊಡುವ ಮುಂಚೆ ಹೆಸರು ಹೇಳು ಅಂತಾರೆ. ಗಂಡನ ಮನೆಯ ಹೊಸ್ತಿಲಲ್ಲಿ ನಾದಿನಿ ಬಾಗಿಲಿಗೆ ಅಡ್ಡ ನಿಂತು ಹೆಸರು ಹೇಳಿ ಒಳಗೆ ಬಾ ಅಂತಾಳೆ. ಆಗ ಮದುಮಗಳು ಪ್ರಾಸ ಕಟ್ಟಿ, ಎರಡು ಸಾಲಿನಲ್ಲಿ, ಕೊನೆಗೆ ಗಂಡನ ಹೆಸರು ಬರುವ ಹಾಗೆ ಒಡಪು ಹೇಳಬೇಕು. ದಕ್ಷಿಣದ ಕಡೆ ಇದಕ್ಕೆ ಒಗಟು ಅಂತಲೂ ಅನ್ನುತ್ತಾರೆ. ಒಡಪಿನಲ್ಲಿ ಬೀಗರನ್ನು ಚುಚ್ಚಬಹುದು, ಅತ್ತೆಯನ್ನು ಹೊಗಳಬಹುದು, ಗಂಡನ ಮೇಲಿನ ಪ್ರೀತಿಯನ್ನು ಜೋಳದ ಹೆಸರಲ್ಲೋ ಹತ್ತಿಯ ಹೆಸರಲ್ಲೋ ಹೇಳಿಬಿಡಬಹುದು. ಹದಿನಾರು ಹದಿನೇಳು ವರ್ಷದ ಹುಡುಗಿಯರು, ಊರಿನವರೆಲ್ಲ ಸುತ್ತ ಕೂತಿರುವಾಗ ಹೇಳುತ್ತಿದ್ದ ಮಾತು ಇದು. ನಗಿಸಬೇಕು, ಮನಸ್ಸು ಮುಟ್ಟಬೇಕು, ಚಿಕ್ಕದಾಗಿರಬೇಕು. ಮದುಮಗಳ ಭಾಷಣ ಅಂದರೆ ಇನ್ನೇನು?

ಆಯಿ ತಮ್ಮ ಮದುವೆಯಲ್ಲಿ ಹೇಳಿದ್ದು ಹೀಗಿತ್ತಂತೆ:

"ಎರಿ ಹೊಲದಾಗ ಬೆಳದೈತಿ ಬಿಳಿ ಜ್ವಾಳ,
ಇವರ ಹೆಸರ ಹೇಳಾಕ ನಾಚಿಕಿ ಭಾಳ."

ಹೆಸರೇ ಹೇಳಲಿಲ್ಲ! ಬೀಗತಿಯರು "ಹೆಸರೆಲ್ಲೈತಿ, ಹೆಸರೆಲ್ಲೈತಿ" ಅಂತ ಗದ್ದಲ ಹಾಕಿದರಂತೆ. ಆಗ ಆಯಿ ತಲೆ ಎತ್ತಿ ಅಜ್ಜನ ಹೆಸರನ್ನು ಒಂದೇ ಸಲ ಗಟ್ಟಿಯಾಗಿ ಹೇಳಿದರಂತೆ. ಈ ಕತೆ ಹೇಳುವಾಗ ಆಯಿಯ ಮುಖ ನೋಡಬೇಕು. ಅಜ್ಜ ಹೋಗಿ ಬಹಳ ವರ್ಷ ಆಯಿತು. ಆ ಸಂಜೆ ಸಭೆ ನಕ್ಕಿದ್ದು ಮಾತ್ರ ಆಯಿಗೆ ಇನ್ನೂ ಕೇಳುತ್ತದೆ.

ಒಡಪಿನ ಜೊತೆಗೆ ಬೀಗರನ್ನು ಹಂಗಿಸುವ ಹಾಡುಗಳೂ ಇದ್ದವು. ಊಟದ ಸಾಲಿನಲ್ಲಿ ಒಂದು ಕಡೆಯ ಹೆಂಗಸರು ಇನ್ನೊಂದು ಕಡೆಯ ಬೀಗತಿಯನ್ನು ಹಾಡಿನಲ್ಲೇ ಕಾಡುತ್ತಿದ್ದರು. ಯಾರೂ ಸಿಟ್ಟಾಗುವಂತಿಲ್ಲ, ಬೇಕಿದ್ದರೆ ತಿರುಗಿ ಹಾಡಬೇಕು. ಡಿಜೆ ಬಂದ ಮೇಲೆ ಇದೆಲ್ಲ ಬಹಳ ಕಡೆ ನಿಂತಿದೆ. ನನಗೆ ಇದು ದೊಡ್ಡ ನಷ್ಟ ಅನಿಸುತ್ತದೆ. ಮದುವೆಯ ದಿನ ಹೆಂಗಸರಿಗೆ ಬಾಯಿ ಇತ್ತು. ಸೌಂಡ್ ಸಿಸ್ಟಂ ದೊಡ್ಡದಾದ ಹಾಗೆ ಅವರ ದನಿ ಕಡಿಮೆಯಾಯಿತು.

ಇನ್ನು ಬರೆದ ವಿಷಯ.

ಯಾವ ಕನ್ನಡದಲ್ಲಿ ಬರೆಯಬೇಕು ಅನ್ನುವುದು ಮೊದಲ ಪ್ರಶ್ನೆ. ಬೀಗರದು ಮಂಡ್ಯದ ಮಾತು, ಗೆಳೆಯರಲ್ಲಿ ಅರ್ಧ ಜನ ಇಂಗ್ಲಿಷು. ಎಲ್ಲರಿಗೂ ಹೊಂದಲಿ ಅಂತ ಪುಸ್ತಕದ ಕನ್ನಡಕ್ಕೆ ಹೋದರೆ ಮಾತು ಸ್ವಾಗತ ಭಾಷಣದ ಹಾಗೆ ಕೇಳಿಸುತ್ತದೆ. ನಾನು ಅಪ್ಪ ಅವ್ವನ ಜೊತೆ ಆಡುವ ನವಲಗುಂದದ ಮಾತಿನಲ್ಲೇ ಬರೆದೆ. ಅವರ ಬಗ್ಗೆ ಹೇಳುವಾಗ ಅವರು ಕೇಳಿ ಬೆಳೆಸಿದ ದನಿಯಲ್ಲೇ ಹೇಳಬೇಕು ಅನಿಸಿತು. ಮಂಡ್ಯದವರಿಗೆ ಅರ್ಥವಾಗದ ಒಂದೂ ಮಾತು ಇರಲಿಲ್ಲ. ಅರ್ಥವಾಗದಿದ್ದರೂ ನಗುವ ಜಾಗ ಎಲ್ಲರಿಗೂ ಗೊತ್ತಾಗುತ್ತದೆ.

ಎರಡನೆಯದು, ಯಾರ ಬಗ್ಗೆ ಹೇಳಬೇಕು ಅನ್ನುವುದು. ಎಲ್ಲರಿಗೂ ಧನ್ಯವಾದ ಹೇಳಲು ಹೊರಟರೆ ಐದು ನಿಮಿಷ ಹೆಸರು ಓದುವುದರಲ್ಲೇ ಮುಗಿಯುತ್ತದೆ. ಬಿಟ್ಟುಹೋದವರಿಗೆ ಬೇಜಾರು ಬೇರೆ. ನಾನು ನಾಲ್ಕೇ ಜನರನ್ನು ಇಟ್ಟುಕೊಂಡೆ. ಅಪ್ಪ, ಅವ್ವ, ಅತ್ತೆ, ಇವರು. ಒಬ್ಬೊಬ್ಬರ ಬಗ್ಗೆ ಒಂದೊಂದೇ ಸಂಗತಿ. "ನನ್ನಪ್ಪ ದೇವರಂಥವರು, ತುಂಬ ಕಷ್ಟಪಟ್ಟು ಬೆಳೆಸಿದರು" ಅಂದರೆ ಯಾರೂ ಅಲ್ಲ ಅನ್ನುವುದಿಲ್ಲ, ಆದರೆ ಯಾರಿಗೂ ಏನೂ ಕಾಣುವುದೂ ಇಲ್ಲ. ಯಾರಪ್ಪನ ಬಗ್ಗೆ ಬೇಕಾದರೂ ಹೇಳಬಹುದಾದ ಮಾತು ಅದು. ನನ್ನಪ್ಪನ ಬಗ್ಗೆ ಮಾತ್ರ ಹೇಳಬಹುದಾದ ಮಾತು ಯಾವುದು ಅಂತ ಹುಡುಕಬೇಕು.

ಆ ಹುಡುಕಾಟದಲ್ಲಿ ನನಗೆ ಒಂದು ದಾರಿ ಸಿಕ್ಕಿತು. ಇಡೀ ಬರಹದಲ್ಲಿ ನಾನು ಹೇಳಬೇಕು ಅಂತಿರುವುದು ಇದೇ. ನಗಿಸಲು ಒಂದು ವಿಷಯ, ಕಣ್ಣು ತುಂಬಿಸಲು ಇನ್ನೊಂದು ವಿಷಯ ಅಂತ ಬೇರೆ ಬೇರೆ ಹುಡುಕಬೇಡಿ. ನಮ್ಮವರ ಯಾವ ಅಭ್ಯಾಸಕ್ಕೆ ನಾವು ಮನೆಯಲ್ಲಿ ನಗುತ್ತೇವೋ, ಅದೇ ಅಭ್ಯಾಸದ ಒಳಗೆ ಅವರ ಪ್ರೀತಿ ಇರುತ್ತದೆ. ಒಂದೇ ಸಂಗತಿಯನ್ನು ಎರಡು ಸಲ ಹೇಳಿದರೆ ಸಾಕು. ಮೊದಲ ಸಲ ನಗು ಬರುವ ಹಾಗೆ, ಎರಡನೇ ಸಲ ಅದು ಯಾಕೆ ಅಂತ ತಿಳಿಯುವ ಹಾಗೆ.

ಅಪ್ಪನದೇ ತಗೊಳ್ಳಿ. ಅಪ್ಪನಿಗೆ ಎಲ್ಲದಕ್ಕೂ ಬೇಗ ಹೋಗುವ ಅಭ್ಯಾಸ. ವೇದಿಕೆಯ ಮೇಲೆ ನಾನು ಹೇಳಿದ್ದು ಹೀಗೆ: "ಬಸ್ಸ ಆರಕ್ಕ ಇದ್ರ ನಮ್ಮಪ್ಪ ನಾಲ್ಕಕ್ಕ ಸ್ಟ್ಯಾಂಡಿನ್ಯಾಗ ಕುಂತಿರ್ತಾರ. ಇವತ್ತ ಅಕ್ಕಿಕಾಳ ಹನ್ನೊಂದಕ್ಕ. ಅಪ್ಪ ಮುಂಜಾನೆ ಐದಕ್ಕ ಬಂದು ಮಂಟಪದ ಗೇಟ್ ಬಡದ್ರು. ವಾಚ್‌ಮನ್ ಎದ್ದು, ಮದುವಿ ಇವತ್ತ ಐತೋ ನಾಳೆ ಐತೋ ಅಂತ ಕೇಳಿದನಂತ."

ಮುಂದಿನ ಸಾಲಿನಿಂದ ಅಪ್ಪ ಎದ್ದು ನಿಂತರು. "ಐದಲ್ಲ, ಐದೂವರಿ!"

ಇದನ್ನು ನಾನು ಬರೆದಿರಲಿಲ್ಲ. ಬರೆಯಲು ಆಗುತ್ತಲೂ ಇರಲಿಲ್ಲ. ಸಭೆ ಹೋ ಅಂತ ನಕ್ಕಿತು. ಮಂಡ್ಯದ ಬೀಗರು ಚಪ್ಪಾಳೆ ತಟ್ಟಿದರು. ನಗು ಪೂರ್ತಿ ಇಳಿಯುವವರೆಗೂ ಕಾದೆ. ಆಮೇಲೆ ಎರಡನೇ ಸಲದ್ದು ಹೇಳಿದೆ. "ನಾ ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬರತಿದ್ದೆ. ಒಮ್ಮೆ ನಸುಕಿನ್ಯಾಗ ನಾಲ್ಕಕ್ಕ ಮುಟ್ಟತಿತ್ತು, ಒಮ್ಮೆ ಆರಕ್ಕ. ಬಸ್ಸ ಎಷ್ಟೊತ್ತಿಗೆ ಬರಲಿ, ನಾ ಇಳಿದಾಗ ಅಪ್ಪ ಅಲ್ಲೇ ಇರತಿದ್ರು. ಇಷ್ಟ ವರ್ಷದಾಗ ಆ ಕತ್ತಲಿ ಸ್ಟ್ಯಾಂಡಿನ್ಯಾಗ ನಾ ಒಮ್ಮಿನೂ ಒಬ್ಬಾಕೀನ ನಿಂತಿಲ್ಲ." ಇಷ್ಟೇ. "ಅಪ್ಪಾ, ಥ್ಯಾಂಕ್ಯೂ" ಅಂತಲೂ ಅನ್ನಲಿಲ್ಲ. ಅನ್ನುವ ಅಗತ್ಯ ಇರಲಿಲ್ಲ. ಹೆಣ್ಣುಮಕ್ಕಳಿದ್ದ ಅಪ್ಪಂದಿರೆಲ್ಲ ಆ ಹೊತ್ತಿಗೆ ಕರವಸ್ತ್ರ ಹುಡುಕುತ್ತಿದ್ದರು.

ಅವ್ವ ಮಾತ್ರ ಮೊದಲೇ ಹೇಳಿದ್ದರು, "ನನ್ನ ಬಗ್ಗೆ ಏನೂ ಹೇಳಬ್ಯಾಡ. ನಾ ಅಳತೀನಿ, ಮಂದಿ ನೋಡ್ತಾರ." ಅವ್ವನ ಮಾತಿಗೆ ಬೆಲೆ ಕೊಡಬೇಕಿತ್ತು. ಅವ್ವನನ್ನು ಬಿಟ್ಟು ಮಾತಾಡುವುದೂ ಆಗುತ್ತಿರಲಿಲ್ಲ. ಕೊನೆಗೆ ಅವ್ವನ ಬಗ್ಗೆ ಹೇಳದೆ ಅವ್ವನ ಚಟ್ನಿಪುಡಿಯ ಬಗ್ಗೆ ಹೇಳಿದೆ. ನಾನು ಊರಿಂದ ಪಿಜಿಗೆ ವಾಪಸ್ ಬರುವ ದಿನ ನನ್ನ ರೂಮಿನ ಹುಡುಗಿಯರು ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಬರುತ್ತವೆ ಅಂತ ಕಾಯುತ್ತಿದ್ದರು. ನನ್ನನ್ನು "ಹೇಗಿದ್ದೀಯಾ" ಅಂತ ಕೇಳುವ ಮೊದಲೇ ಬ್ಯಾಗಿನ ಜಿಪ್ ಎಳೆಯುತ್ತಿದ್ದರು. ಇಲ್ಲಿ ಎಲ್ಲರೂ ನಕ್ಕರು. ಎರಡನೇ ಸಲದ್ದು: ಆ ಚೀಲದಲ್ಲಿ ಯಾವಾಗಲೂ ಒಂದು ಬೇರೆ ಪೊಟ್ಟಣ ಇರುತ್ತಿತ್ತು, ಖಾರ ಕಡಿಮೆ ಹಾಕಿದ ಶೇಂಗಾ ಚಟ್ನಿ. ರೂಮಿನಲ್ಲಿ ಒಬ್ಬ ಹುಡುಗಿಗೆ ಖಾರ ಆಗುವುದಿಲ್ಲ ಅಂತ ನಾನು ಯಾವಾಗಲೋ ಫೋನಿನಲ್ಲಿ ಹೇಳಿದ್ದೆ. ಅವ್ವ ಅವಳ ಮುಖ ನೋಡಿರಲಿಲ್ಲ. ಆದರೂ ವರ್ಷಗಟ್ಟಲೆ ಅವಳಿಗೆ ಅಂತ ಬೇರೆ ಕುಟ್ಟಿ ಕಳಿಸಿದರು. ಆ ಹುಡುಗಿ ಸಭೆಯಲ್ಲೇ ಇದ್ದಳು. ನಾನು ಇನ್ನೂ ಮಾತಾಡುತ್ತಿರುವಾಗಲೇ ಎದ್ದು ಹೋಗಿ ಅವ್ವನನ್ನು ಅಪ್ಪಿಕೊಂಡಳು. ಅವ್ವ ಅತ್ತರು, ಮಂದಿ ನೋಡಿದರು, ಏನೂ ಆಗಲಿಲ್ಲ.

ಅತ್ತೆಯ ಬಗ್ಗೆ ಹೇಳುವುದು ಹೆಚ್ಚು ಕಷ್ಟ. ಅವರ ಪರಿಚಯ ಹೊಸದು. ಅತಿಯಾಗಿ ಹೊಗಳಿದರೆ ಸುಳ್ಳು ಅನಿಸುತ್ತದೆ, ತಮಾಷೆ ಮಾಡಿದರೆ "ಈಗಲೇ ಹಿಂಗಾ" ಅನಿಸುತ್ತದೆ. ನಾನು ಅವರ ಬಗ್ಗೆ ಬರೆದದ್ದನ್ನು ಮೊದಲು ನಾದಿನಿಗೆ ಫೋನಿನಲ್ಲಿ ಓದಿ ಹೇಳಿದೆ. ಇದನ್ನು ಎಲ್ಲರಿಗೂ ಹೇಳುತ್ತೇನೆ. ಬೀಗರ ಮನೆಯ ವಿಷಯವನ್ನು ಬೀಗರ ಮನೆಯ ಒಬ್ಬರಾದರೂ ಮುಂಚೆ ಕೇಳಿರಬೇಕು. ಯಾವ ಮಾತು ಅಲ್ಲಿ ಹಳೇ ಗಾಯ ಅಂತ ನಮಗೆ ಗೊತ್ತಿರುವುದಿಲ್ಲ. ನಾದಿನಿ ಒಂದು ಸಾಲನ್ನು ತೆಗೆಯಲು ಹೇಳಿದಳು. ಕಾರಣ ಕೇಳದೆ ತೆಗೆದೆ.

ಉಳಿದದ್ದು ಹೀಗಿತ್ತು. ಮೊದಲ ಸಲ ಅವರ ಮನೆಗೆ ಹೋದಾಗ ಅತ್ತೆ ಅಡುಗೆ ಬರುತ್ತಾ, ಹಾಡು ಬರುತ್ತಾ ಅಂತ ಏನೂ ಕೇಳಲಿಲ್ಲ. "ನಿಂಗೆ ನಿದ್ದೆ ಹೆಂಗವ್ವ? ಜೋರಾ, ಸೂಕ್ಷ್ಮಾನಾ?" ಅಂತ ಕೇಳಿದರು. ಹೆಣ್ಣು ನೋಡುವಾಗ ನಿದ್ದೆ ವಿಚಾರಿಸಿದ ಅತ್ತೆ ಕರ್ನಾಟಕದಲ್ಲೇ ಇವರೊಬ್ಬರೇ ಇರಬೇಕು ಅಂತ ಹೇಳಿದೆ. ಸಭೆ ನಕ್ಕಿತು, ಅತ್ತೆಯೂ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಕಾರಣ ಏನೆಂದರೆ ಅವರ ಮನೆಯ ಹಿಂದೆ ಆಲೆಮನೆ ಇದೆ. ಬೆಲ್ಲದ ಕಾಲದಲ್ಲಿ ರಾತ್ರಿಯೆಲ್ಲ ಕಬ್ಬು ಅರೆಯುವ ಸದ್ದು. ನಾನು ಸೂಕ್ಷ್ಮ ಅಂದಿದ್ದೆ. ಮುಂದಿನ ಸಲ ಹೋಗುವಷ್ಟರಲ್ಲಿ ಅತ್ತೆ ತಾವು ಮಲಗುತ್ತಿದ್ದ ಬೀದಿ ಕಡೆಯ ಕೋಣೆಯನ್ನು ನಮಗೆ ಬಿಟ್ಟು, ತಾವು ಆಲೆಮನೆ ಕಡೆಯ ಕೋಣೆಗೆ ಹೋಗಿದ್ದರು. "ನಂಗೆ ಆ ಸದ್ದು ಇಲ್ದಿದ್ರೇ ನಿದ್ದೆ ಬರಲ್ಲ" ಅಂದಿದ್ದರು. ಇಬ್ಬರೂ ಬೇರೆ ಬೇರೆ ಕಡೆಯವರು, ಹೇಗೆ ಹೊಂದಿಕೊಳ್ಳುತ್ತೀರಿ ಅಂತ ನಮ್ಮವರು ನನ್ನನ್ನು ಕೇಳಿದ್ದು ಒಂದೆರಡು ಸಲ ಅಲ್ಲ. ಅವರಿಗೆಲ್ಲ ಉತ್ತರವಾಗಿ ನಾನು ಕೋಣೆಯ ಕತೆ ಹೇಳಿದೆ.

ಬರೆದು ತೆಗೆದದ್ದೂ ಇದೆ. ನಮ್ಮದು ನಾವೇ ಮೆಚ್ಚಿ ಆದ ಮದುವೆ. ಮನೆಯಲ್ಲಿ ಒಪ್ಪಿಸಲು ಕಾಲ ಹಿಡಿಯಿತು. ಆ ದಿನಗಳಲ್ಲಿ ಕೇಳಿದ ಮಾತುಗಳು ಮನಸ್ಸಿನಲ್ಲಿ ಇದ್ದವು. ಅವನ್ನು ನಗೆಯ ರೂಪದಲ್ಲಿ ಹೇಳಿಬಿಡಬಹುದಿತ್ತು. ಸಭೆ ನಗುತ್ತಲೂ ಇತ್ತು. ಆದರೆ ಕೈಯಲ್ಲಿ ಮೈಕ್ ಇರುವವರು ಮೈಕ್ ಇಲ್ಲದವರ ಲೆಕ್ಕ ಚುಕ್ತಾ ಮಾಡುವುದು ನ್ಯಾಯ ಅಲ್ಲ. ಅದರ ಜಾಗದಲ್ಲಿ ಒಂದೇ ಸಾಲು ಬರೆದೆ: "ಬ್ಯಾಡ ಅಂದವರೂ ಇವತ್ತ ಹಂದರಕ್ಕ ಗರಿ ಹಾಕ್ಯಾರ. ಅದಕ್ಕಿಂತ ದೊಡ್ಡ ಆಶೀರ್ವಾದ ನನಗ ಗೊತ್ತಿಲ್ಲ." ನಿಜವಾಗಿಯೂ ಹಾಗೇ ಅನಿಸಿತ್ತು. ಬಣ್ಣ, ದಪ್ಪ, ಸಣ್ಣ, ಸಂಬಳ, ಮುಂಚೆ ಬಂದುಹೋದ ಗಂಡುಗಳು, ಮಕ್ಕಳು ಯಾವಾಗ ಅನ್ನುವುದು, ಇವುಗಳ ಮೇಲೆ ಒಂದೂ ನಗೆಮಾತು ಇರಬಾರದು ಅಂತಲೂ ಮೊದಲೇ ನಿರ್ಧಾರ ಮಾಡಿದ್ದೆ. ಮದುವೆಮನೆಯಲ್ಲಿ ಇವನ್ನೆಲ್ಲ ಹೇಳುವವರು ಬೇರೆ ಬೇಕಾದಷ್ಟು ಜನ ಇರುತ್ತಾರೆ.

ಓದಿ ರೂಢಿ ಮಾಡಿದ್ದು ಮಾಳಿಗೆಯ ಮೇಲೆ, ಆಯಿಯ ಎದುರು. ಹಪ್ಪಳ ಒಣಗಿಸಿದ್ದರು, ಆಯಿ ಕಾಗೆ ಓಡಿಸುತ್ತ ಕೇಳುತ್ತಿದ್ದರು. ಶಾಲೆ ಕಲಿತವರಲ್ಲ. ಆದರೆ ನಾನು ಕಂಡ ಅತಿ ಒಳ್ಳೆಯ ಸಂಪಾದಕಿ ಅವರೇ. "ಇಲ್ಲಿ ಉದ್ದ ಆತು" ಅಂತ ಅಂದ ಕಡೆಯಲ್ಲೆಲ್ಲ ನಿಜವಾಗಿಯೂ ಉದ್ದವಾಗಿತ್ತು. "ಇದನ್ನ ಮೊದಲ ಹೇಳಬ್ಯಾಡ, ಮಂದಿಗೆ ಗೊತ್ತಾಗಿಬಿಡತೈತಿ" ಅಂದರು. ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಮಾತು ಇದು: "ನಗೀ ಮಾತ ಹೇಳಿ ಬಾಯಿ ಮುಚ್ಚು. ಮಂದಿ ನಗಲಿ. ನೀ ಮುಂದಿನ ಮಾತ ಶುರು ಮಾಡಿದ್ರ ಅವರ ನಗೀ ಅಲ್ಲೇ ಸಾಯತೈತಿ." ದೊಡ್ಡ ಸಭೆಯಲ್ಲಿ ಇದು ಇನ್ನೂ ನಿಜ. ಹಿಂದಿನ ಸಾಲಿನವರ ನಗು ಮುಂದಿನವರದಕ್ಕಿಂತ ತಡವಾಗಿ ಬರುತ್ತದೆ. ಅದಕ್ಕೂ ಕಾಯಬೇಕು.

ದನಿ ಕಟ್ಟಿದರೆ ಏನು ಮಾಡುವುದು ಅಂತ ಆಯಿಯನ್ನೇ ಕೇಳಿದೆ. "ನಿಲ್ಲು. ನೀರ ಕುಡಿ. ಮದುಮಗಳು ಅತ್ರ ಯಾರ ಬೈತಾರ?" ಅಂದರು. ಆಮೇಲಿಂದ ಅಳು ಬರುತ್ತದೆ ಅನ್ನುವ ಹೆದರಿಕೆಯೇ ಹೋಯಿತು.

ಸಣ್ಣ ಸಣ್ಣ ವಿಷಯಗಳನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಮಾತು ಕೆಡುವುದು ಇಲ್ಲೇ. ಆರತಕ್ಷತೆಯಲ್ಲಿ ಮುಯ್ಯಿ ಕೊಡುವ, ಫೋಟೋ ತೆಗೆಸುವ ಸಾಲು ಒಮ್ಮೆ ಶುರುವಾದರೆ ಅದನ್ನು ಯಾರೂ ನಿಲ್ಲಿಸಲಾರರು. ಅದಕ್ಕೂ ಮುಂಚೆಯೇ ಮಾತು ಮುಗಿಯಬೇಕು. ಊಟದ ಹಾಲ್ ಬಾಗಿಲು ಆಮೇಲೆ ತೆರೆಯಲು ಹೇಳಿದ್ದೆವು. ಪಂಕ್ತಿ ಕೂತ ಮೇಲೆ ಎಂಥ ಮಾತೂ ಹೋಳಿಗೆಯ ಮುಂದೆ ನಿಲ್ಲುವುದಿಲ್ಲ. ಫೋನ್ ನೋಡಿ ಓದಬೇಡಿ. ವೇದಿಕೆಯ ಲೈಟಿನಲ್ಲಿ ಅದರ ಪರದೆ ಕಾಣುವುದಿಲ್ಲ, ನಡುವೆ ಯಾರದೋ ಕರೆ ಬರುತ್ತದೆ. ಗಟ್ಟಿ ಕಾಗದದ ಸಣ್ಣ ಚೀಟಿಗಳ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ, ಪೂರ್ತಿ ಮಾತು ಬೇಡ, ನೆನಪು ಮಾಡುವ ಪದಗಳು ಸಾಕು. ಮೈಕನ್ನು ಗದ್ದದ ಹತ್ತಿರ ಹಿಡಿಯಿರಿ. ಒಂದು ಕೈಯಲ್ಲಿ ಮೈಕ್, ಇನ್ನೊಂದರಲ್ಲಿ ಚೀಟಿ, ಕೈತುಂಬ ಬಳೆ. ಬಳೆಯ ಸದ್ದು ಮೈಕಿನಲ್ಲಿ ಕೇಳುತ್ತದೆ. ಹಾಗಾಗಿ ಮೈಕ್ ಹಿಡಿದ ಕೈ ಆಡಿಸಬೇಡಿ. ಹಾರ ಭಾರ ಅನಿಸಿದರೆ ತೆಗೆದಿಟ್ಟು ಮಾತಾಡಬಹುದು, ನಾನು ಹಾಕಿಕೊಂಡೇ ಮಾತಾಡಿದೆ. ಅಂದಹಾಗೆ, ಸೌಂಡಿನವರಿಗೆ ಹೇಳಿ ವೈರ್ ಇಲ್ಲದ ಒಳ್ಳೆಯ ಮೈಕ್ ತರಿಸಿದ್ದು ಕಾಕಾ. ನಾನು ಕೇಳಿರಲಿಲ್ಲ.

ಕೊನೆಗೆ ಇವರ ಪಾಳಿ. ಇವರದು ಮಾತು ಬಹಳ ಕಡಿಮೆ. ಫೋನಿನಲ್ಲಿ ನಾನು ಅರ್ಧ ಗಂಟೆ ಮಾತಾಡಿದರೆ ಆ ಕಡೆಯಿಂದ ಬರುವುದು "ಹೂಂ". ನೆಟ್‌ವರ್ಕ್ ಹೋಯಿತೋ, ಮನುಷ್ಯರೇ ಹೋದರೋ ಅಂತ ಎಷ್ಟೋ ಸಲ "ಹಲೋ ಹಲೋ" ಅಂದಿದ್ದೇನೆ. ಇದಕ್ಕೆ ಅವರ ಗೆಳೆಯರು ಶಿಳ್ಳೆ ಹಾಕಿದರು. ಎರಡನೇ ಸಲದ್ದು: ಒಂದು ದಿನ ಮಾತಿನ ನಡುವೆ, ಸಂಕ್ರಮಣಕ್ಕೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ತಿನ್ನದೆ ಹಬ್ಬ ಹಬ್ಬದ ಹಾಗೆ ಅನಿಸುವುದಿಲ್ಲ ಅಂದಿದ್ದೆ. ಆಗಲೂ "ಹೂಂ" ಅಂದಿದ್ದರು. ತಿಂಗಳುಗಳು ಕಳೆದು ಸಂಕ್ರಮಣ ಬಂತು. ರಜೆ ಸಿಗದೆ ನಾನು ಬೆಂಗಳೂರಿನಲ್ಲೇ ಉಳಿದಿದ್ದೆ. ಮುದ್ದೆ ಉಂಡು ಬೆಳೆದ, ಸಜ್ಜಿ ರೊಟ್ಟಿ ಹೇಗಿರುತ್ತದೆ ಅಂತ ಗೊತ್ತೇ ಇಲ್ಲದ ಇವರು ನಮ್ಮ ಕಡೆಯ ಖಾನಾವಳಿ ಹುಡುಕಿ, ಮುಂಚಿನ ದಿನವೇ ಹೇಳಿಟ್ಟು, ಬಿಸಿ ರೊಟ್ಟಿ ಕಟ್ಟಿಸಿಕೊಂಡು ಪಿಜಿ ಬಾಗಿಲಿಗೆ ಬಂದಿದ್ದರು. ಆ "ಹೂಂ" ಒಳಗೆ ಎಲ್ಲವೂ ಜಮಾ ಆಗುತ್ತಿತ್ತು.

ಇಷ್ಟು ಹೇಳಿ, ಆಯಿಯ ಕಡೆ ತಿರುಗಿ, ಆಯಿಯ ಪ್ರಾಸದಲ್ಲೇ ನನ್ನ ಒಡಪು ಹೇಳಿದೆ:

"ಮಂಡ್ಯದಾಗ ಕಬ್ಬ, ನಮ್ಮ ಕಡೆ ಜ್ವಾಳ,
ನಮ್ಮನ್ಯಾವರು ನನ್ನ ಮಾತ ಕೇಳ್ತಾರ ಭಾಳ."

"ಹೆಸರೆಲ್ಲೈತಿ?" ಅಂತ ಆಯಿ ಎಲ್ಲರಿಗಿಂತ ಮೊದಲು ಕೂಗಿದರು. ಅವರ ಹಿಂದೆ ನಮ್ಮ ಕಡೆಯ ಹೆಂಗಸರೆಲ್ಲ ಕೂಗಿದರು. ಆಟ ಏನು ಅಂತ ಮಂಡ್ಯದವರಿಗೂ ಅಷ್ಟರಲ್ಲಿ ಗೊತ್ತಾಗಿತ್ತು, ಅವರೂ ಸೇರಿಕೊಂಡರು. ನಾನು ಇವರ ಹೆಸರನ್ನು ಮೈಕಿನಲ್ಲಿ ಒಂದೇ ಸಲ ಗಟ್ಟಿಯಾಗಿ ಹೇಳಿದೆ. ಆಮೇಲೆ ಮೈಕನ್ನು ಇವರ ಕೈಗೆ ಕೊಟ್ಟೆ. ಏನಾದರೂ ಹೇಳಿ ಅಂತ ಸಭೆ ಕೇಳಿತು. ಇವರು ಮೈಕ್ ಬಾಯಿಗೆ ತಂದು, ನನ್ನ ಮುಖ ನೋಡಿ, "ಹೂಂ" ಅಂದರು.

ಬರುವ ಮಾಘದಲ್ಲಿ ನನ್ನ ಕಾಕಾನ ಮಗಳ ಮದುವೆ. ಅವಳೂ ಮಾತಾಡುತ್ತಾಳಂತೆ, ಬರೆದದ್ದನ್ನು ನನಗೆ ಕಳಿಸಿದ್ದಾಳೆ. ಕಾಕಾನ ಬಗ್ಗೆ ಬರೆದ ಭಾಗ ತುಂಬ ಚೆನ್ನಾಗಿದೆ, ಇಲ್ಲಿ ಹೇಳುವಂತಿಲ್ಲ. ಅವಳ ಮಾವನಿಗೆ ಆಗುವವರು ಈ ಸುದ್ದಿ ಕೇಳಿ, ತಮಗೂ ಎರಡು ನಿಮಿಷ ಬೇಕು ಅಂದಿದ್ದಾರಂತೆ. ಕೊಡು ಅಂತ ಹೇಳಿದ್ದೇನೆ. ಮೊದಲು ಅವಳು, ಆಮೇಲೆ ಅವರು.